ಬೂಸ್ಟರ್ ಹಾಕಿಸಿಕೊಂಡ ಮರುದಿನ ತೋಳು ಯಾಕೆ ನೋಯುತ್ತದೆ?

ಬೂಸ್ಟರ್ ಡೋಸ್, ಅಂದರೆ ಹಿಂದೆ ಹಾಕಿಸಿಕೊಂಡ ಲಸಿಕೆಯ ಮರು ಡೋಸ್, ಹಾಕಿಸಿಕೊಳ್ಳುವಾಗ ಅಂಥದ್ದೇನೂ ಗೊತ್ತಾಗುವುದಿಲ್ಲ. ಸೂಜಿ ಚುಚ್ಚಿದಾಗ ಒಂಚೂರು ಚುರ್ ಅನ್ನುತ್ತದೆ, ಅಷ್ಟೇ. ರಾತ್ರಿ ಆ ಮಗ್ಗುಲಿಗೆ ಹೊರಳಿದಾಗಲೋ, ಬೆಳಿಗ್ಗೆ ತಲೆ ಬಾಚಲು ಕೈ ಎತ್ತಿದಾಗಲೋ ನೋವು ಶುರುವಾಗುತ್ತದೆ. ಚುಚ್ಚಿದ ಜಾಗ ಕೆಂಪಗಾಗಿ, ಸ್ವಲ್ಪ ಊದಿ, ಮುಟ್ಟಿದರೆ ಬಿಸಿ ಅನ್ನಿಸುತ್ತದೆ. ಕೆಲವರಿಗೆ ಮೈಕೈ ನೋವು, ಸಣ್ಣ ಜ್ವರ, ಸುಸ್ತು. ಚೆನ್ನಾಗಿದ್ದವರು ಸುಮ್ನೆ ಕಾಯಿಲೆ ತಂದುಕೊಂಡೆವಲ್ಲ ಅನ್ನಿಸುವುದು ಆಗಲೇ.

ಆ ನೋವಿಗೆ ಸೂಜಿಯ ಗಾಯಕ್ಕಿಂತ ದೊಡ್ಡ ಕಾರಣ ನಮ್ಮ ಮೈಯೇ. ಲಸಿಕೆ ಭುಜದ ಸ್ನಾಯುವಿಗೆ ಸೇರಿದ ಕೂಡಲೇ ಅಲ್ಲಿನ ಕಾವಲು ಕೋಶಗಳು ಹೊರಗಿನದೇನೋ ಬಂದಿದೆ ಎಂದು ಗುರುತಿಸಿ ರಾಸಾಯನಿಕಗಳನ್ನು ಬಿಡುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ಅದಕ್ಕೇ ಕೆಂಪು ಮತ್ತು ಬಿಸಿ. ನಾಳಗಳಿಂದ ದ್ರವ ಜಿನುಗುತ್ತದೆ, ಅದಕ್ಕೇ ಊತ. ಅಲ್ಲಿನ ನರಗಳು ಸೂಕ್ಷ್ಮವಾಗುತ್ತವೆ, ಅದಕ್ಕೇ ನೋವು. ಇದೇ ಸುದ್ದಿ ರಕ್ತದ ಮೂಲಕ ಮಿದುಳಿಗೆ ತಲುಪಿದರೆ ಅದು ಮೈಯ ಉಷ್ಣತೆ ಏರಿಸುತ್ತದೆ. ಬಹಳಷ್ಟು ಜನರಿಗೆ ಇದೆಲ್ಲ ಎರಡು ಮೂರು ದಿನದಲ್ಲಿ ಇಳಿದುಹೋಗುತ್ತದೆ.

ನಿಜವಾದ ಕೆಲಸ ನಡೆಯುವುದು ಕಂಕುಳಲ್ಲಿ. ಕೆಲವು ಕೋಶಗಳು ಲಸಿಕೆಯ ತುಣುಕುಗಳನ್ನು ಅಲ್ಲಿನ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಹಿಂದಿನ ಡೋಸ್‌ಗಳಿಂದ ಹುಟ್ಟಿದ ನೆನಪಿನ ಕೋಶಗಳು ಇಂಥ ಗ್ರಂಥಿಗಳಲ್ಲಿ ಕಾದಿರುತ್ತವೆ. ಹಳೆಯ ಶತ್ರುವಿನ ಗುರುತು ಸಿಕ್ಕಿದ್ದೇ ತಡ, ಅವು ವೇಗವಾಗಿ ಹೆಚ್ಚುತ್ತವೆ. ಮೊದಲ ಡೋಸ್ ನಂತರ ರಕ್ತದಲ್ಲಿ ಪ್ರತಿಕಾಯಗಳು (ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಆಂಟಿಬಾಡಿಗಳು) ಕಾಣಿಸಿಕೊಳ್ಳಲು ಒಂದೆರಡು ವಾರ ಬೇಕು. ಬೂಸ್ಟರ್ ನಂತರ ಕೆಲವೇ ದಿನಗಳಲ್ಲಿ ಅವುಗಳ ಮಟ್ಟ ಏರಲು ಶುರುವಾಗುತ್ತದೆ, ಏರುವ ಎತ್ತರವೂ ಜಾಸ್ತಿ. ಬ್ರಿಟನ್ನಿನ ಅಲೆಕ್ಸಾಂಡರ್ ಗ್ಲೆನಿ ಮತ್ತು ಅವರ ಸಹೋದ್ಯೋಗಿ ಡಿಫ್ತೀರಿಯಾ ವಿಷದ ಪ್ರಯೋಗಗಳಲ್ಲಿ ಈ ವ್ಯತ್ಯಾಸವನ್ನು 1921ರಲ್ಲೇ ವಿವರಿಸಿದ್ದರು.

ಬರೀ ಪ್ರಮಾಣದ ಮಾತಲ್ಲ ಇದು. ಗ್ರಂಥಿಯೊಳಗೆ ಕೆಲವು ನೆನಪಿನ ಕೋಶಗಳು ಪ್ರತಿಕಾಯ ತಯಾರಿಸುವ ತಮ್ಮ ಜೀನ್‌ಗಳನ್ನೇ ಅಷ್ಟಿಷ್ಟು ಬದಲಿಸಿಕೊಳ್ಳುತ್ತವೆ. ರೋಗಾಣುವಿಗೆ ಗಟ್ಟಿಯಾಗಿ ಅಂಟುವ ಪ್ರತಿಕಾಯ ಯಾವ ಕೋಶದ್ದೋ ಅದು ಉಳಿಯುತ್ತದೆ, ಉಳಿದವು ಸಾಯುತ್ತವೆ. ಒಂದು ಇಂಜೆಕ್ಷನ್ ನಂತರ ನಮ್ಮ ಕಂಕುಳಲ್ಲಿ ಇಂಥ ಆಯ್ಕೆ ವಾರಗಟ್ಟಲೆ ನಡೆಯುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಹಾಗಾದರೆ ಒಂದು ಸಲದ ನೆನಪು ಸಾಲದೇ? ಕೆಲವು ರೋಗಗಳಿಗೆ ಸಾಕು. 1846ರಲ್ಲಿ ಫ್ಯಾರೋ ದ್ವೀಪಗಳಲ್ಲಿ ದಡಾರ ಹಬ್ಬಿದಾಗ, 1781ರಲ್ಲಿ ದಡಾರ ಬಂದುಹೋಗಿದ್ದ ಮುದುಕರಿಗೆ ಅದು ಮತ್ತೆ ಬರಲಿಲ್ಲ. ಇದನ್ನು ದಾಖಲಿಸಿದವರು ಡೆನ್ಮಾರ್ಕಿನ ವೈದ್ಯ ಪೀಟರ್ ಪಾನುಮ್. ಧನುರ್ವಾಯು ಹಾಗಲ್ಲ. ಅದರ ವಿಷ ಎಷ್ಟು ಉಗ್ರ ಅಂದರೆ, ಜೀವಕ್ಕೆ ಅಪಾಯ ತರುವಷ್ಟು ವಿಷವೂ ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸಲು ಸಾಲದು. ಹಾಗಾಗಿ ರೋಗ ಬಂದು ವಾಸಿಯಾದವರೂ ಲಸಿಕೆ ಹಾಕಿಸಿಕೊಳ್ಳಲೇಬೇಕು. ಆ ಲಸಿಕೆಯಲ್ಲಿರುವುದು ನಿರ್ವಿಷಗೊಳಿಸಿದ ವಿಷ. ಅದು ಮೈಯೊಳಗೆ ಬೆಳೆಯುವುದಿಲ್ಲ, ಆದ್ದರಿಂದ ವರ್ಷ ಕಳೆದಂತೆ ಪ್ರತಿಕಾಯಗಳು ಕಡಿಮೆಯಾಗುತ್ತವೆ. ಬೂಸ್ಟರ್ ಬೇಕಾಗುವುದು ಅದಕ್ಕೇ.

ಇಂಜೆಕ್ಷನ್ ಆದಮೇಲೆ ಹದಿನೈದು ನಿಮಿಷ ಕೂರಿ ಅಂತ ನರ್ಸ್ ಹೇಳಿದರೆ ದಯವಿಟ್ಟು ಕೂತುಕೊಳ್ಳಿ. ತೀವ್ರ ಅಲರ್ಜಿ ಆಗುವುದು ಹೆಚ್ಚುಕಡಿಮೆ ಹತ್ತು ಲಕ್ಷ ಡೋಸ್‌ಗೆ ಒಂದು. ಆದರೆ ಸಾಮಾನ್ಯವಾಗಿ ಅದು ಶುರುವಾಗುವುದೇ ಮೊದಲ ನಿಮಿಷಗಳಲ್ಲಿ, ಅದನ್ನು ತಡೆಯುವ ಔಷಧಿ ಅಡ್ರಿನಲಿನ್ ಕೊಡುವವರು ಪಕ್ಕದಲ್ಲೇ ಇರಬೇಕು. ಇದಕ್ಕಿಂತ ಜಾಸ್ತಿ ಆಗುವುದು ತಲೆಸುತ್ತಿ ಬೀಳುವುದು, ಅದೂ ಹದಿಹರೆಯದವರಲ್ಲಿ.

ಜ್ವರ ಬರಬಹುದು ಅಂತ ಮೊದಲೇ ಪ್ಯಾರಾಸಿಟಮಾಲ್ ನುಂಗುವ ಅಭ್ಯಾಸ ಬೇಡ, ವೈದ್ಯರು ಹೇಳಿದ್ದರೆ ಬೇರೆ ಮಾತು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಾಗೆ ಮುಂಜಾಗ್ರತೆಗೆ ಔಷಧಿ ಕೊಟ್ಟ ಶಿಶುಗಳಲ್ಲಿ ಕೆಲವು ಲಸಿಕೆಗಳ ಪ್ರತಿಕಾಯ ಕಡಿಮೆ ಇತ್ತು. ನೋವೋ ಜ್ವರವೋ ಬಂದಮೇಲೆ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಕೈಯನ್ನು ಆಗಾಗ ಆಡಿಸುತ್ತಿದ್ದರೆ ಬಿಗಿ ಸಡಿಲವಾಗುತ್ತದೆ. ಕಂಕುಳಲ್ಲಿ ಗಂಟು ಕೈಗೆ ಸಿಕ್ಕರೂ ಗಾಬರಿ ಬೇಡ, ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಸದ್ಯದಲ್ಲೇ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಇದ್ದರೆ ಲಸಿಕೆಯ ವಿಷಯ ಹೇಳಿಬಿಡಿ, ಆ ಗಂಟು ಅದರಲ್ಲೂ ಕಾಣಬಹುದು. ಉಸಿರಾಟದ ತೊಂದರೆ, ಎದೆನೋವು, ದಿನದಿಂದ ದಿನಕ್ಕೆ ಹರಡುವ ಊತ ಇದ್ದರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಿ.

ಏನೂ ಆಗಲೇ ಇಲ್ಲ, ಲಸಿಕೆ ಕೆಲಸ ಮಾಡಿತೋ ಇಲ್ಲವೋ ಅನ್ನುವವರೂ ಇದ್ದಾರೆ. ಮಾಡಿರುತ್ತದೆ. ನೋವು ಎಷ್ಟು ಅನ್ನುವುದರಿಂದ ರಕ್ಷಣೆ ಎಷ್ಟು ಅಂತ ಅಳೆಯಲು ಬರುವುದಿಲ್ಲ. ಹಾಗೆಯೇ ಹೆಚ್ಚು ಸಲ ಹಾಕಿಸಿಕೊಂಡಷ್ಟೂ ಒಳ್ಳೆಯದು ಅಂತಲೂ ಅಲ್ಲ. ಪ್ರತಿಕಾಯಗಳು ಇನ್ನೂ ದಂಡಿಯಾಗಿರುವಾಗ ಧನುರ್ವಾಯು ಬೂಸ್ಟರ್ ಕೊಟ್ಟರೆ ಕೆಲವರ ತೋಳು ಭುಜದಿಂದ ಮೊಣಕೈವರೆಗೂ ಊದಿಕೊಳ್ಳುತ್ತದೆ. ಹಾಗಾಗಿ ಕೊನೆಯ ಡೋಸ್‌ನ ತಾರೀಖು ಎಲ್ಲಾದರೂ ಬರೆದಿಡಿ. ಆಳವಾದ, ಮಣ್ಣು ಮೆತ್ತಿದ ಗಾಯವಾಗಿ ಹೋದಾಗ ವೈದ್ಯರು ಅದನ್ನು ಕೇಳಿಯೇ ಕೇಳುತ್ತಾರೆ.