ದೊಡ್ಡ ಮೀನನ್ನು ಕಾಯುವವರು ಯಾರು?

ತಂಜಾವೂರು ಕಡೆಯ ಪಂಡಿತರೊಬ್ಬರು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿ ಬಿಚ್ಚಿ ಓದಿದರೆ, ಕಳೆದೇ ಹೋಯಿತು ಅಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅದು ಮೈಸೂರಿನಲ್ಲೇ ಅಚ್ಚಾಯಿತು.

ಅದರಲ್ಲಿ ಮತ್ಸ್ಯನ್ಯಾಯದ ಮಾತು ಬರುತ್ತದೆ. ದಂಡ ಹಿಡಿದವನು, ಅಂದರೆ ಶಿಕ್ಷಿಸುವವನು, ಇಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ. ಮನುಷ್ಯ ಇಷ್ಟೇ ಅಂತ ಒಪ್ಪಿಕೊಂಡ ಮೇಲೆ, ಬಿಗಿಯಾದ ರಾಜ ಬೇಕು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. 1651ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ ಕೂಡ ಅಲ್ಲಿಗೇ ಬಂದ. ಅವನ ದೇಶದಲ್ಲಿ ಅಂತರ್ಯುದ್ಧ ನಡೆದು, ರಾಜನ ತಲೆಯೇ ಉರುಳಿತ್ತು. ಹೆದರಿದವನ ಬರಹ ಅದು. ಎಲ್ಲರೂ ತಮ್ಮ ಹಕ್ಕನ್ನು ಒಬ್ಬನ ಕೈಗೆ ಒಪ್ಪಿಸಿಬಿಡಿ, ಇಲ್ಲದಿದ್ದರೆ ಬದುಕು ನರಕ ಅಂದ.

ಇದಕ್ಕೆ ಪೂರ್ತಿ ಬೇರೆಯದಾದ ಕಥೆ ಪಾಳಿ ಭಾಷೆಯ ಬೌದ್ಧ ಗ್ರಂಥಗಳಲ್ಲಿ ಬರುವ ಅಗ್ಗಞ್ಞ ಸುತ್ತದಲ್ಲಿದೆ. ಮೊದಲು ಜನ ಹೊತ್ತಿಗೆ ಬೇಕಾದಷ್ಟು ಅಕ್ಕಿ ಮಾತ್ರ ತರುತ್ತಿದ್ದರಂತೆ. ಒಬ್ಬ ಸೋಮಾರಿ, ಎರಡು ಸಲ ಯಾಕೆ ಹೋಗಬೇಕು ಅಂತ ಎರಡು ಹೊತ್ತಿನದನ್ನೂ ಒಟ್ಟಿಗೆ ತಂದ. ಇನ್ನೊಬ್ಬ ಎರಡು ದಿನದ್ದು, ಮತ್ತೊಬ್ಬ ನಾಲ್ಕು ದಿನದ್ದು, ಮಗದೊಬ್ಬ ಎಂಟು ದಿನದ್ದು. ಕೂಡಿಡುವುದು ಶುರುವಾಯಿತು. ಗದ್ದೆ ಹಂಚಿಕೊಂಡರು. ಆಮೇಲೆ ಕಳ್ಳತನ, ಸುಳ್ಳು, ಹೊಡೆದಾಟ. ಕೊನೆಗೆ ಜನರೇ ಸೇರಿ ತಮ್ಮಲ್ಲೊಬ್ಬನನ್ನು ಆರಿಸಿ, ತಪ್ಪು ಮಾಡಿದವರನ್ನು ನೀನು ವಿಚಾರಿಸು, ನಿನಗೆ ಅಕ್ಕಿಯಲ್ಲಿ ಪಾಲು ಕೊಡುತ್ತೇವೆ ಅಂದರು. ಅವನೇ ಮಹಾಸಮ್ಮತ, ಎಲ್ಲರೂ ಒಪ್ಪಿದವನು. ಅಂದರೆ ರಾಜ ಸಂಬಳದ ಮನುಷ್ಯ! 1755ರಲ್ಲಿ ಜಿನೀವಾದ ಚಿಂತಕ ರೂಸೋ ಕೂಡ ಇಂಥದ್ದೇ ಮಾತು ಹೇಳಿದ. ಮನುಷ್ಯ ಹುಟ್ಟಾ ಕೆಟ್ಟವನಲ್ಲ, ಬೇಲಿ ಹಾಕಿ ಇದು ನನ್ನದು ಅಂದಲ್ಲಿಂದ ಕೆಟ್ಟ.

ಮನುಷ್ಯ ಒಳ್ಳೆಯವನಾ, ಕೆಟ್ಟವನಾ ಅನ್ನುವ ಜಗಳಕ್ಕಿಂತ ನನಗೆ ಮುಖ್ಯ ಅನಿಸುವುದು ಬೇರೆ. ಅನುಮಾನ ಯಾರ ಮೇಲೆ? ಹಾಬ್ಸ್ ಎಲ್ಲರನ್ನೂ ಅನುಮಾನಿಸಿದ, ಸಿಂಹಾಸನದಲ್ಲಿ ಕೂತವನನ್ನು ಬಿಟ್ಟು. ಇಂಗ್ಲೆಂಡಿನ ಇನ್ನೊಬ್ಬ ತತ್ವಜ್ಞಾನಿ ಜಾನ್ ಲಾಕ್ ಈ ಲೆಕ್ಕಾಚಾರವನ್ನು ಗೇಲಿ ಮಾಡಿದ: ನರಿಗೆ ಹೆದರಿ ಸಿಂಹದ ಬಾಯಿಗೆ ಬೀಳುವಷ್ಟು ಜನ ದಡ್ಡರಾ? ಕೌಟಿಲ್ಯ ಈ ವಿಷಯದಲ್ಲಿ ಹಾಬ್ಸ್‌ಗಿಂತ ಜಾಣ. ಅಧಿಕಾರಿಗಳು ಖಜಾನೆ ಕದಿಯುವ 40 ದಾರಿಗಳನ್ನು ಪಟ್ಟಿ ಮಾಡಿಟ್ಟ. ನೀರಲ್ಲಿರುವ ಮೀನು ಯಾವಾಗ ನೀರು ಕುಡಿಯಿತು ಅಂತ ಹೇಗೆ ಗೊತ್ತಾಗುತ್ತದೆ ಅಂತಲೂ ಕೇಳಿದ. 1788ರಲ್ಲಿ ಅಮೆರಿಕದ ಸಂವಿಧಾನ ರೂಪಿಸಿದವರಲ್ಲೊಬ್ಬನಾದ ಜೇಮ್ಸ್ ಮ್ಯಾಡಿಸನ್, ಜನರೆಲ್ಲ ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ, ಆಳುವವರು ದೇವತೆಗಳಾಗಿದ್ದರೆ ಅವರಿಗೆ ಕಡಿವಾಣ ಬೇಕಿರಲಿಲ್ಲ ಎಂದು ಬರೆದ. ಅದೇ ಮ್ಯಾಡಿಸನ್ ಬಳಿ ಗುಲಾಮರಿದ್ದರು. ಅವರು ಯಾವ ಲೆಕ್ಕಕ್ಕೆ?

ಸ್ವಭಾವ ಹುಟ್ಟಿನಿಂದಲೇ ಬೇರೆ ಬೇರೆ ಅನ್ನುವ ವಾದ ಇವೆಲ್ಲಕ್ಕಿಂತ ಹಳೆಯದು, ಹೆಚ್ಚು ಅಪಾಯದ್ದು. ಕೆಲವರು ಹುಟ್ಟಾ ಗುಲಾಮರು ಅಂದವನು ಅರಿಸ್ಟಾಟಲ್. ನಮ್ಮಲ್ಲಿ ಅದೇ ಕೆಲಸವನ್ನು ವರ್ಣ ಮಾಡಿತು. ಜಾತಿ ಬರೀ ಕೆಲಸದ ಹಂಚಿಕೆಯಲ್ಲ, ಕೆಲಸ ಮಾಡುವವರನ್ನೇ ಹಂಚಿಹಾಕಿದ್ದು ಎಂದು ಅಂಬೇಡ್ಕರ್ 1936ರಲ್ಲಿ ಹೇಳಿದ್ದು ಇದಕ್ಕೇ.

ಹಾಗಾಗಿ ನಮ್ಮ ಸಂವಿಧಾನ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಕೊಟ್ಟದ್ದು ಸಣ್ಣ ಮಾತಲ್ಲ. 1951ರ ಜನಗಣತಿಯಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 18 ಮಂದಿ ಅಷ್ಟೇ. ಇದು ಸಾಮಾನ್ಯ ಮನುಷ್ಯನ ಮೇಲಿಟ್ಟ ಅಪಾರ ನಂಬಿಕೆ ಎಂದು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಸಂವಿಧಾನ ಸಭೆಯಲ್ಲಿ ಹೇಳಿದರು. ಆದರೆ ಆ ನಂಬಿಕೆಗೂ ಒಂದು ಮಿತಿ ಇತ್ತು. ವಿಚಾರಣೆಯಿಲ್ಲದೆ ಮುಂಜಾಗ್ರತೆಗೆ ಬಂಧಿಸುವ ಅವಕಾಶವನ್ನು ಅದೇ ಸಂವಿಧಾನದ 22ನೇ ವಿಧಿ ಉಳಿಸಿಕೊಂಡಿತು. 1950ರ ಫೆಬ್ರವರಿಯಲ್ಲೇ ಅದಕ್ಕೊಂದು ಕಾಯ್ದೆ ಬಂತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ವರ್ಷದ ಮೇ ತಿಂಗಳಲ್ಲಿ ಕೋರ್ಟು ಒಂದು ಸೆಕ್ಷನ್ ಮಾತ್ರ ತೆಗೆದುಹಾಕಿ, ಉಳಿದ ಕಾಯ್ದೆ ಸರಿ ಎಂದಿತು.