ಪಟ್ಟಿ ಸೋರಿದರೆ ಫೋನ್ ಎತ್ತುವವರೇ ಇರುವುದಿಲ್ಲ

"ನಾನೆಲ್ಲೂ ಹೋಗಿಲ್ಲ ಸಾರ್, ಮನೇಲೇ ಇದ್ದೆ."

2020ರ ಮಳೆಗಾಲ. ಕೋಲಾರದ ಸುತ್ತಮುತ್ತ ಕೋವಿಡ್ ಸೋಂಕಿತರ ಸಂಪರ್ಕ ಪತ್ತೆ ಮಾಡುವ ತಂಡದಲ್ಲಿ ವೈದ್ಯನಾಗಿ ನಾನಿದ್ದೆ. ಫೋನಿನ ಆ ಕಡೆ ಇದ್ದವರು ಎಪಿಎಂಸಿ ಟೊಮೇಟೊ ಮಂಡಿಯಲ್ಲಿ ಕ್ರೇಟ್ ಹೊರುವವರು. ಬೆಳಗಾಗುವ ಮುಂಚೆಯೇ ಮಂಡಿಗೆ ಹೋಗಿ, ಒಂದೊಂದು ಲಾರಿಗೂ ನಾಲ್ಕೈದು ಜನರ ಜೊತೆ ಹೆಗಲು ಕೊಟ್ಟು, ಅಲ್ಲೇ ಟೀ ಕುಡಿದು ಬರುವವರು ಎಲ್ಲೂ ಹೋಗಿಲ್ಲ ಅಂದರೆ ನಂಬುವುದು ಹೇಗೆ? ಹಿಂದಿನಿಂದ ಹೆಂಗಸೊಬ್ಬರ ದನಿ ಮೆಲ್ಲಗೆ ಕೇಳಿಸಿತು: "ಯಾರ ಹೆಸರೂ ಹೇಳಬೇಡ."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಎರಡು ದಿನದ ಹಿಂದಷ್ಟೇ ಒಂದು ಕಚೇರಿಯಿಂದ ಲೈನ್ ಲಿಸ್ಟ್ ಸೋರಿತ್ತು. ಲೈನ್ ಲಿಸ್ಟ್ ಅಂದರೆ ಸೋಂಕಿತರ ಹೆಸರು, ವಯಸ್ಸು, ಮೊಬೈಲ್ ನಂಬರ್, ವಿಳಾಸ, ಸ್ಯಾಂಪಲ್ ತೆಗೆದ ದಿನ ಎಲ್ಲವೂ ಸಾಲಾಗಿ ಇರುವ ಎಕ್ಸೆಲ್ ಶೀಟು. ಯಾರೋ ಅದರ ಫೋಟೋ ಹೊಡೆದು ಗ್ರೂಪಿಗೆ ಹಾಕಿದರು, ಸಂಜೆಯೊಳಗೆ ಅದು ಇಡೀ ಹೋಬಳಿ ಸುತ್ತಿತು. ಪಟ್ಟಿಯಲ್ಲಿ ಫೋನಿನಲ್ಲಿದ್ದ ಆ ಮಂಡಿಯವರ ಊರಿನ ಒಂದು ಮನೆಯೂ ಇತ್ತು. ಮರುದಿನ ಆ ಮನೆಯವರ ಹಾಲನ್ನು ಡೈರಿಯಲ್ಲಿ ಹಾಕಿಸಿಕೊಳ್ಳಲಿಲ್ಲ. ಎರಡು ಹಸು ನಂಬಿಕೊಂಡು ಬದುಕುವ ಮನೆ ಅದು. ಕರೆದ ಹಾಲನ್ನು ಆ ತಾಯಿ ಬಚ್ಚಲಿಗೆ ಸುರಿದದ್ದನ್ನು ನಮ್ಮ ಆಶಾ ಕಾರ್ಯಕರ್ತೆ ಕಣ್ಣಾರೆ ನೋಡಿ ಬಂದು ಹೇಳಿದರು. ಆಮೇಲೆ ಕೆಲವು ದಿನ ಆ ಊರಿನಿಂದ ನಮಗೆ ಒಂದೇ ಒಂದು ಸಂಪರ್ಕದ ಹೆಸರೂ ಸಿಗಲಿಲ್ಲ.

ಗುಟ್ಟು ಕಾಪಾಡುತ್ತಾ ಕೂತರೆ ರೋಗ ಹಿಡಿಯೋಕಾಗಲ್ಲ ಅಂತ ಆಗ ಮೀಟಿಂಗುಗಳಲ್ಲಿ ಎಷ್ಟೋ ಜನ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ನಾನು ಕಂಡದ್ದು ಪೂರ್ತಿ ಉಲ್ಟಾ. ಗುಟ್ಟು ಹೋದ ಊರಿನಲ್ಲಿ ಸುಳ್ಳು ಜಾಸ್ತಿಯಾಗುತ್ತದೆ, ಸುಳ್ಳು ಜಾಸ್ತಿಯಾದ ಕಡೆ ವೈರಸ್ಸು ನಮಗಿಂತ ನಾಲ್ಕು ಹೆಜ್ಜೆ ಮುಂದೆ ಇರುತ್ತದೆ.

ಈಗ ಆ್ಯಪ್ ವಿಷಯಕ್ಕೆ ಬರೋಣ. ಬ್ಲೂಟೂತ್‌ನಿಂದ ಸಂಪರ್ಕ ಪತ್ತೆ ಮಾಡುವ ಆ್ಯಪ್‌ಗಳಲ್ಲಿ ಎರಡು ಬಗೆ. ಆ್ಯಪಲ್ ಮತ್ತು ಗೂಗಲ್ ಸೇರಿ 2020ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವಿಧಾನ ಒಂದು. ನಿಮ್ಮ ಫೋನು ಸುತ್ತಲೂ ಚೀಟಿ ಎಸೆಯುತ್ತಾ ಹೋಗುತ್ತದೆ ಅಂದುಕೊಳ್ಳಿ. ಚೀಟಿಯಲ್ಲಿ ಹೆಸರಿಲ್ಲ, ಊರಿಲ್ಲ, ಅರ್ಥವಿಲ್ಲದ ಒಂದು ಉದ್ದನೆಯ ನಂಬರ್ ಮಾತ್ರ. ಅದೂ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಹಾಗಾಗಿ ಅದೇ ನಂಬರಿನ ಜಾಡು ಹಿಡಿದು ಯಾರೂ ನಿಮ್ಮ ಹಿಂದೆ ಬರುವ ಹಾಗಿಲ್ಲ. ಪಕ್ಕದವರ ಫೋನು ಆ ಚೀಟಿಗಳನ್ನು ಹೆಕ್ಕಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಯಾರಿಗಾದರೂ ಸೋಂಕು ಖಚಿತವಾಗಿ, ಅವರು ಒಪ್ಪಿದರೆ, ಕಳೆದ 14 ದಿನ ಅವರ ಫೋನು ಎಸೆದ ಚೀಟಿಗಳನ್ನು ಗುರುತಿಸುವ ಕೀಗಳು ಮಾತ್ರ ಸರ್ವರ್‌ಗೆ ಹೋಗುತ್ತವೆ. ಬಾಕಿ ಎಲ್ಲರ ಫೋನುಗಳೂ ಆ ಪಟ್ಟಿ ಇಳಿಸಿಕೊಂಡು ತಮ್ಮಲ್ಲಿರುವ ಚೀಟಿಗಳ ಜೊತೆ ತಾಳೆ ನೋಡುತ್ತವೆ, ಹೊಂದಿದರೆ ಆ ಫೋನಿನವರನ್ನು ಎಚ್ಚರಿಸುತ್ತವೆ. ಯಾರು ಯಾರ ಪಕ್ಕದಲ್ಲಿದ್ದರು ಅನ್ನುವುದು ಯಾವ ಕಚೇರಿಗೂ ಗೊತ್ತಾಗುವುದಿಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್ ಈ ದಾರಿ ಹಿಡಿದವು.

ನಮ್ಮ ಆರೋಗ್ಯ ಸೇತು ಇನ್ನೊಂದು ಬಗೆ. 2020ರ ಏಪ್ರಿಲ್ 2ರಂದು ಬಂತು. ಮೊಬೈಲ್ ನಂಬರ್, ಹೆಸರು, ವಯಸ್ಸು, ವೃತ್ತಿ ಎಲ್ಲ ಕೊಟ್ಟು ನೋಂದಾಯಿಸಬೇಕಿತ್ತು. ಆ ವಿವರ ಸರ್ವರ್‌ನಲ್ಲಿ ಇರುತ್ತಿತ್ತು. ಬ್ಲೂಟೂತ್ ಜೊತೆಗೆ ನೀವಿರುವ ಜಾಗವನ್ನೂ ಅದು ಬರೆದಿಟ್ಟುಕೊಳ್ಳುತ್ತಿತ್ತು. ಮೇ ತಿಂಗಳಲ್ಲಿ ಆಂಡ್ರಾಯ್ಡ್ ಆವೃತ್ತಿಯ ಸೋರ್ಸ್ ಕೋಡ್, ಅಂದರೆ ಆ್ಯಪ್ ಅನ್ನು ಬರೆದ ಮೂಲ ಪ್ರೋಗ್ರಾಂ, ಬಹಿರಂಗ ಮಾಡಿದರು, ಡೇಟಾ ಎಷ್ಟು ದಿನ ಇರಬೇಕು ಅಂತ ನಿಯಮವನ್ನೂ ತಂದರು. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಕೋಟ್ಯಂತರ ಜನ ಅಷ್ಟರಲ್ಲಿ ಆ್ಯಪ್ ಹಾಕಿಕೊಂಡಾಗಿತ್ತು. ನಿಯಮ ಮೊದಲು ಬಂದು ಆ್ಯಪ್ ಆಮೇಲೆ ಬರಬೇಕಿತ್ತು, ಅಲ್ವಾ? 2021ರ ಜನವರಿಯಲ್ಲಿ, ಜನರ ಒಪ್ಪಿಗೆ ಇಲ್ಲದೆ ಅದರಲ್ಲಿನ ಆರೋಗ್ಯದ ಮಾಹಿತಿ ಹಂಚಬಾರದು ಅಂತ ನಮ್ಮ ಹೈಕೋರ್ಟೇ ಮಧ್ಯಂತರ ಆದೇಶ ಕೊಡಬೇಕಾಯಿತು.

ನಿಜ ಹೇಳಬೇಕೆಂದರೆ ಮೊದಲ ಬಗೆಯದನ್ನು ಓದಿದಾಗ ನನಗೆ ಬೇಸರವೇ ಆಗಿತ್ತು. ನನ್ನ ಕೈಗೆ ಒಂದು ಹೆಸರೂ ಬರದಿದ್ದರೆ ನಾನು ಯಾರಿಗೆ ಫೋನ್ ಮಾಡಲಿ, ಯಾರ ಮನೆಗೆ ಆಶಾ ಕಾರ್ಯಕರ್ತೆಯನ್ನು ಕಳಿಸಲಿ? ಮಂಡಿಯ ಆ ಫೋನ್ ಕರೆಯ ಮೇಲೆ ನನ್ನ ಮನಸ್ಸು ಬದಲಾಯಿತು. ಹೆಸರು ಸಿಗದಿದ್ದರೂ ಪರವಾಗಿಲ್ಲ, ಜನ ತಾವಾಗಿ ಟೆಸ್ಟಿಗೆ ಬಂದರೆ ಸಾಕು ಅನ್ನಿಸಿತು. ಇನ್ನು ಬ್ಲೂಟೂತ್ ಗೋಡೆ ದಾಟಿ ಪಕ್ಕದ ಮನೆಯವರನ್ನೂ ಸಂಪರ್ಕ ಅಂತ ಲೆಕ್ಕ ಹಾಕುವುದುಂಟು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗೆ ಒಂದೇ ಫೋನು, ಅದೂ ಕೀಪ್ಯಾಡ್‌ದು. ಹಾಗಾಗಿ ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ಮನುಷ್ಯರೇ ಮಾತಾಡಿಸಬೇಕು, ಎಕ್ಸೆಲ್ ಶೀಟೂ ಬೇಕೇ ಬೇಕು.

ಗುರುತು ಸಿಗದ ಹಾಗೆ ಹೆಸರು ತೆಗೆದಿದ್ದೇವೆ ಅನ್ನುವ ಮಾತು ಬೆಂಗಳೂರಿನಲ್ಲಿ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಇನ್ನೂರು ಮನೆಯ ಊರಿನಲ್ಲಿ ನಡೆಯುವುದಿಲ್ಲ. "42 ವರ್ಷದ ಗಂಡಸು, ರೇಷ್ಮೆ ಬೆಳೆಗಾರ, ಮೊನ್ನೆ ಚೆನ್ನೈನಿಂದ ಬಂದವರು" ಅಂತ ಹೇಳಿದರೆ ಮುಗಿಯಿತು, ಅರಳಿಕಟ್ಟೆಯಲ್ಲಿ ಕೂತವರು ಹೆಸರಿನ ಜೊತೆ ಮನೆತನವನ್ನೂ ಹೇಳುತ್ತಾರೆ. ಆಗಿನ ಸರ್ಕಾರಿ ಪ್ರಕಟಣೆಗಳಲ್ಲಿ ಪಿ ನಂಬರ್ (ಸೋಂಕಿತರಿಗೆ ಕೊಟ್ಟ ಕ್ರಮಸಂಖ್ಯೆ), ವಯಸ್ಸು, ಪ್ರಯಾಣದ ವಿವರ ಬರುತ್ತಿತ್ತು. 2020ರ ಮಾರ್ಚ್‌ನಲ್ಲಂತೂ ಹೋಂ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನೇ ನಮ್ಮ ರಾಜ್ಯದಲ್ಲಿ ಪ್ರಕಟಿಸಿದ್ದರು. ಅವತ್ತಿನ ಭಯ ನನಗೂ ಗೊತ್ತು. ಆದರೂ ಅದು ತಪ್ಪೇ.

ಸಿಂಗಪುರದ ಕಥೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ ನನಗೆ. ಅಲ್ಲಿನ ಸಂಪರ್ಕ ಪತ್ತೆ ಆ್ಯಪ್ ಟ್ರೇಸ್‌ಟುಗೆದರ್‌ನ ಡೇಟಾ ಆ ಕೆಲಸಕ್ಕೆ ಮಾತ್ರ ಅಂತ ಸರ್ಕಾರ ಮಾತು ಕೊಟ್ಟಿತ್ತು. 2021ರ ಜನವರಿಯಲ್ಲಿ, ಅಪರಾಧ ತನಿಖೆಗೆ ಪೊಲೀಸರೂ ಅದನ್ನು ಪಡೆಯಬಹುದು ಅಂತ ಅಲ್ಲಿನ ಸಂಸತ್ತಿನಲ್ಲೇ ಒಪ್ಪಿಕೊಂಡರು. ಜನ ಬೇಸರಪಟ್ಟ ಮೇಲೆ ಏಳು ಬಗೆಯ ಗಂಭೀರ ಅಪರಾಧಗಳಿಗೆ ಮಾತ್ರ ಅಂತ ಕಾನೂನು ಮಾಡಿದರು. ಡೇಟಾ ಒಂದು ಕಡೆ ರಾಶಿ ಬಿದ್ದಿದ್ದರೆ ಇವತ್ತಲ್ಲ ನಾಳೆ ಇನ್ಯಾರಿಗೋ ಅದು ಬೇಕಾಗುತ್ತದೆ.

ಕಾನೂನು ಇದೆಯಲ್ಲ ಅಂತ ಕೇಳಬಹುದು. ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2023ರಲ್ಲಿ ಡೇಟಾ ರಕ್ಷಣೆಯ ಕಾಯ್ದೆಯೂ ಬಂತು. ಆದರೆ ಸಾಂಕ್ರಾಮಿಕ ರೋಗ ಹರಡಿದಾಗ ಚಿಕಿತ್ಸೆಗೆ, ಆರೋಗ್ಯ ಸೇವೆಗೆ ಒಪ್ಪಿಗೆ ಕೇಳದೆಯೇ ಮಾಹಿತಿ ಬಳಸಲು ಆ ಕಾಯ್ದೆಯಲ್ಲೇ ದಾರಿ ಇದೆ. ಅದು ಬೇಕಾದ ದಾರಿಯೇ, ನನಗೆ ತಕರಾರಿಲ್ಲ. ಆದರೆ ಒಪ್ಪಿಗೆ ಕೇಳದೆ ಒಳಗೆ ಬರುವ ಬಾಗಿಲು ತೆರೆದೇ ಇರುವಾಗ, ಒಳಗೆ ಎಷ್ಟು ಮಾಹಿತಿ ಇಡುತ್ತೇವೆ ಅನ್ನುವುದರ ಜವಾಬ್ದಾರಿ ನಮ್ಮದೇ.

ಆ ಹಾಲಿನ ಘಟನೆ ಆದಮೇಲೆ ನಮ್ಮ ತಂಡದಲ್ಲಿ ಶೀಟನ್ನು ಎರಡು ಮಾಡಿದೆವು. ಫೋನ್ ಮಾಡುವವರ ಕೈಗೆ ಸಂಪರ್ಕಕ್ಕೆ ಬಂದವರ ನಂಬರ್ ಮತ್ತು ದಿನಾಂಕ ಮಾತ್ರ, ಸೋಂಕಿತರು ಯಾರು ಅಂತ ಅವರಿಗೇ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಬಾಯಿ ತಪ್ಪಿಯೂ ಹೇಳೋಕಾಗಲ್ಲ. "ಯಾರಿಂದ ಸಾರ್?" ಅಂತ ಎಲ್ಲರೂ ಕೇಳುತ್ತಿದ್ದರು. "ನನಗೂ ಗೊತ್ತಿಲ್ಲಮ್ಮ, ನಿಮ್ಮ ಹೆಸರನ್ನೂ ಹೀಗೇ ಯಾರಿಗೂ ಹೇಳಲ್ಲ" ಅಂದಾಗ ಆ ಕಡೆ ದನಿ ಸ್ವಲ್ಪ ಮೆತ್ತಗಾಗುತ್ತಿತ್ತು. ಒಂದೇ ದಿನಾಂಕ ಹೇಳುವ ಬದಲು "ಹೋದ ವಾರ" ಅನ್ನುತ್ತಿದ್ದೆವು, ದಿನ ಹೇಳಿದರೆ ಮನೆ ಹೇಳಿದಂತೆಯೇ. ಪ್ರತಿ ಕಾಪಿಯ ಮೇಲೂ ಅದನ್ನು ಪಡೆದವರ ಹೆಸರು ಅಡ್ಡಡ್ಡ ಅಚ್ಚಾಗುವಂತೆ ಮಾಡಿದೆವು. ಫೋಟೋ ಹೊಡೆದು ಕಳಿಸುವುದು ಅಲ್ಲಿಗೆ ನಿಂತಿತು.

ಮಂಡಿಯ ಆ ಅಣ್ಣನಿಗೆ ನಾಲ್ಕನೇ ದಿನ ಮತ್ತೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ಹನ್ನೊಂದು ಹೆಸರು ಹೇಳಿದರು.

ಈಗ ಕೋವಿಡ್ ಗಲಾಟೆ ಇಲ್ಲ, ಆದರೆ ಟಿಬಿ ಇದೆ. ಮನೆಯಲ್ಲಿ ಒಬ್ಬರಿಗೆ ಬಂದರೆ ಜೊತೆಗಿರುವವರನ್ನೆಲ್ಲ ಪರೀಕ್ಷೆ ಮಾಡಬೇಕು, ಅದೂ ಸಂಪರ್ಕ ಪತ್ತೆಯೇ. ಮದುವೆಗೆ ಗಂಡು ನೋಡುತ್ತಿರುವ ಹುಡುಗಿಗೆ ಟಿಬಿ ಅಂತ ಊರಿಗೆ ಗೊತ್ತಾದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇದನ್ನು ಓದುತ್ತಿರುವವರಲ್ಲಿ ಆಗ ಕರ್ತವ್ಯದಲ್ಲಿದ್ದ ಶಿಕ್ಷಕರು, ಪಂಚಾಯಿತಿಯವರು, ಆಶಾ ಅಕ್ಕಂದಿರು, ವರದಿಗಾರರು ಇರಬಹುದು. ನಿಮ್ಮ ವಾಟ್ಸಾಪ್ ಡಾಕ್ಯುಮೆಂಟ್ ಫೋಲ್ಡರ್ ತೆರೆದು 2020, 2021ರ ಫೈಲುಗಳನ್ನು ಒಮ್ಮೆ ನೋಡಿ. ಅದರಲ್ಲಿ ಯಾರದೋ ಹೆಸರು, ನಂಬರ್ ಇರುವ ಲೈನ್ ಲಿಸ್ಟ್ ಇನ್ನೂ ಇದ್ದರೆ, ಆಫೀಸಿನ ದಾಖಲೆ ಆಫೀಸಿನಲ್ಲಿ ಇರಲಿ, ನಿಮ್ಮ ಫೋನಿನಲ್ಲಿರುವುದನ್ನು ಇವತ್ತೇ ಡಿಲೀಟ್ ಮಾಡಿ. ಬ್ಯಾಕಪ್‌ನಲ್ಲೂ ನೋಡಿ.