ಪದ ಪರಿಚಯ: ಮಿಶ್ರವಾಕ್ಯ

ಒಂದು ಮುಖ್ಯ ವಾಕ್ಯ, ಅದಕ್ಕೆ ಅಂಟಿಕೊಂಡ ಒಂದೋ ಎರಡೋ ಉಪವಾಕ್ಯ. ಇದೇ ಮಿಶ್ರವಾಕ್ಯ, ಇಂಗ್ಲಿಷ್ ಮೇಷ್ಟ್ರು ಹೇಳುವ ಕಾಂಪ್ಲೆಕ್ಸ್ ಸೆಂಟೆನ್ಸ್. ಸುಮ್ನೆ ಉದ್ದ ಇದ್ದರೆ ಸಾಲದು. 'ಅಂಡ್', 'ಬಟ್' ಹಾಕಿ ನಾಲ್ಕು ಸಾಲು ಎಳೆದರೂ ಅದು ಸಂಯೋಜಿತ ವಾಕ್ಯವೇ, ಅಂದರೆ ಸಮಾನ ವಾಕ್ಯಗಳನ್ನು ಜೋಡಿಸಿದ ಕಾಂಪೌಂಡ್ ಸೆಂಟೆನ್ಸ್.

ಕೊಡಗಿನ ಮಕ್ಕಳು ಮನೆಯಲ್ಲಿ ಕೊಡವ ತಕ್ಕ್ ಆಡಲಿ, ಅರೆಭಾಷೆ ಆಡಲಿ, ಶಾಲೆಯಲ್ಲಿ ಕನ್ನಡ ಓದಲಿ, ಮೂರರಲ್ಲೂ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ. ವಿವರಣೆ ಮೊದಲು, ಹೆಸರು ಆಮೇಲೆ. 'ಮಾರ್ಚಿನಲ್ಲಿ ಮಳೆ ಸಿಕ್ಕಿದ ಗಿಡಗಳು ಹೂಬಿಟ್ಟಿವೆ' ಅಂತೀವಿ ಅಲ್ವಾ? ಇಂಗ್ಲಿಷಿನಲ್ಲಿ ಇದು ತಿರುವುಮುರುವು: 'ದ ಪ್ಲಾಂಟ್ಸ್ ದಟ್ ಗಾಟ್ ರೇನ್ ಇನ್ ಮಾರ್ಚ್ ಹ್ಯಾವ್ ಫ್ಲವರ್ಡ್.' ಗಿಡ ಮೊದಲೇ ಬಂತು, ಮಳೆ ನಡುವೆ ನುಗ್ಗಿತು. 'ಗಾಟ್' ಕಂಡ ಕೂಡಲೇ ಮುಖ್ಯ ಕ್ರಿಯಾಪದ ಸಿಕ್ಕಿತು ಅಂದುಕೊಂಡರೆ, 'ಹ್ಯಾವ್ ಫ್ಲವರ್ಡ್' ಎದುರಾದಾಗ ತಲೆ ಕೆಡುತ್ತದೆ.

ಡಿಕ್ಷನರಿ ತೆಗೆಯುವ ಮೊದಲು ಕೇಳಿಕೊಳ್ಳಿ: ಕಡೆಗೂ ಏನಾಯ್ತು? ಹೂಬಿಟ್ಟವು. ಯಾವುದು? ಗಿಡಗಳು. ಮುಖ್ಯ ವಾಕ್ಯ ಅಷ್ಟೇ. 'ದಟ್'ನಿಂದ 'ಮಾರ್ಚ್'ವರೆಗಿನದು ಯಾವ ಗಿಡ ಅಂತ ತೋರಿಸುವ ಉಪವಾಕ್ಯ. ಎರಡನ್ನೂ ಬಿಡಿಸಿ ಬೇರೆ ಬೇರೆ ಬರೆಯಿರಿ, ಆಮೇಲೆ ಪುಸ್ತಕ ಮುಚ್ಚಿ ಮತ್ತೆ ಜೋಡಿಸಿ. ಪದಪಟ್ಟಿ ಉರುಹೊಡೆಯುವುದಕ್ಕಿಂತ ಈ ಕೆಲಸ ಜಾಸ್ತಿ ಕಲಿಸುತ್ತದೆ ಅನ್ನುವುದು ನನ್ನ ಲೆಕ್ಕ.

ಇನ್ನು ಕಾಮಾ. ಇದನ್ನು ಹೆಚ್ಚಿನವರು ಉಸಿರು ತೆಗೆದುಕೊಳ್ಳುವ ಜಾಗ ಅಂದುಕೊಂಡಿದ್ದಾರೆ. 'ದ ಪ್ಲಾಂಟ್ಸ್, ವಿಚ್ ಗಾಟ್ ರೇನ್ ಇನ್ ಮಾರ್ಚ್, ಹ್ಯಾವ್ ಫ್ಲವರ್ಡ್' ಅಂದರೆ ಹೇಳುತ್ತಿರುವ ಅಷ್ಟೂ ಗಿಡಕ್ಕೆ ಮಳೆ ಸಿಕ್ಕಿದೆ, ಅಷ್ಟೂ ಹೂಬಿಟ್ಟಿವೆ. ಕಾಮಾ ಇಲ್ಲದ ಮೊದಲಿನ ವಾಕ್ಯದಲ್ಲಿ ಮಳೆ ಸಿಕ್ಕಿದವು ಮಾತ್ರ. ಉಳಿದವು ಇನ್ನೂ ಮೊಗ್ಗಿನಲ್ಲೇ ಇರಬಹುದು. ಹೂಮಳೆ, ಅಂದರೆ ಕಾಫಿ ಗಿಡ ಹೂಬಿಡಲು ಬೇಕಾದ ಬೇಸಿಗೆ ಮಳೆ, ಪೊನ್ನಂಪೇಟೆಯಲ್ಲಿ ಸುರಿದು ಸಿದ್ದಾಪುರದಲ್ಲಿ ಕೈಕೊಟ್ಟ ವರ್ಷ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಕನ್ನಡದಲ್ಲಿ 'ಮಳೆ ಸಿಕ್ಕಿದ ಗಿಡಗಳು' ಎರಡಕ್ಕೂ ನಡೆಯುತ್ತದೆ, ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಹಾಗಾಗಿಯೇ ನಮ್ಮ ಕಣ್ಣು ಕಾಮಾ ಮೇಲೆ ನಿಲ್ಲುವುದಿಲ್ಲ.

ಒಮ್ಮೊಮ್ಮೆ 'ದಟ್' ಕಾಣಿಸುವುದೇ ಇಲ್ಲ. 'ದ ಕಾಫಿ ವಿ ಪಿಕ್ಡ್ ಯೆಸ್ಟರ್‌ಡೇ ಈಸ್ ಸ್ಟಿಲ್ ಇನ್ ದ ಯಾರ್ಡ್.' ನಿನ್ನೆ ಕುಯ್ದ ಕಾಫಿ ಇನ್ನೂ ಕಣದಲ್ಲೇ ಇದೆ. 'ಕಾಫಿ', 'ವಿ' ಹೀಗೆ ಅಕ್ಕಪಕ್ಕ ನಿಂತಿದ್ದರೆ ನಡುವೆ ಒಂದು 'ದಟ್' ಇಟ್ಟು ಓದಿ ನೋಡಿ. 'ದಟ್ ಗಾಟ್ ರೇನ್'ನಲ್ಲಿ ಮಾತ್ರ ಅದನ್ನು ಬಿಡುವಂತಿಲ್ಲ, ಅಲ್ಲಿ 'ಗಾಟ್'ಗೆ ಕರ್ತೃವೇ ಅದು.